ಕಾರಖಾನೆಯ ಗುರಿ, ಹೊಲದ ಲೆಕ್ಕ



ಗೊಬ್ಬರದ ದೊಡ್ಡ ಕಂಪನಿಗಳು ಈಗ ಹಣದ ಲೆಕ್ಕದೊಡನೆ ಇನ್ನೊಂದು ಲೆಕ್ಕವನ್ನೂ ಒಪ್ಪಿಸುತ್ತವೆ. ಎಷ್ಟು ಇಂಧನ ಉರಿಯಿತು, ಎಷ್ಟು ನೀರು ಖರ್ಚಾಯಿತು, ಎಷ್ಟು ಹೊಗೆ ಹೊರಬಿದ್ದಿತು ಎಂಬುದೇ ಆ ಲೆಕ್ಕ. ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ ಸೆಬಿಯು 2022-23ರಿಂದ ಇದನ್ನು ಕಡ್ಡಾಯ ಮಾಡಿದೆ. ಇಂಥ ವರ್ಷದೊಳಗೆ ಇಷ್ಟಕ್ಕೆ ಇಳಿಸುತ್ತೇವೆಂದು ಹಲವು ಕಂಪನಿಗಳು ಗುರಿಯನ್ನೂ ಬರೆದಿಡುತ್ತವೆ. ಮಂಗಳೂರಿನ ಪಣಂಬೂರು ಕಾರಖಾನೆಯಲ್ಲಿ ಮೊದಲು ನಾಫ್ತಾದಿಂದ ಯೂರಿಯಾ ಆಗುತ್ತಿತ್ತು. 2021ರಲ್ಲಿ ಉದ್ಘಾಟನೆಯಾದ ಕೊಚ್ಚಿಯ ಕೊಳವೆಯಿಂದ ಅನಿಲ ಬಂದಿತು. ಒಳ್ಳೆಯದೇ ಆಯಿತು.

ಆದರೆ ಚೀಲವು ಜಮಖಂಡಿ, ಮುಧೋಳದ ಅಂಗಡಿ ದಾಟಿ ಹೊಲ ಸೇರಿದ ಮೇಲೆ ಲೆಕ್ಕ ಇಡುವವರು ಯಾರು? 45 ಕಿಲೋ ಯೂರಿಯಾದಲ್ಲಿ ಸಾರಜನಕ ಸುಮಾರು 20 ಕಿಲೋ ಮಾತ್ರ. ಕಬ್ಬಿನ ಸಾಲಿನಲ್ಲಿ ಮೇಲೆಯೇ ಚೆಲ್ಲಿ ಕಾಲುವೆ ನೀರು ಹಾಯಿಸಿದರೆ ಅದರಲ್ಲಿಯೂ ಒಂದು ಪಾಲು ಗಾಳಿಗೆ, ಒಂದು ಪಾಲು ಬಸಿನೀರಿಗೆ. ದುಡ್ಡು ಮಾತ್ರ ನಿಮ್ಮದು! ಗಾಳಿಗೆ ಹೋದುದರಲ್ಲಿ ಅಲ್ಪಾಂಶ ನೈಟ್ರಸ್ ಆಕ್ಸೈಡ್. ತೂಕಕ್ಕೆ ತೂಕ ಅದು ಇಂಗಾಲಾಮ್ಲಕ್ಕಿಂತ ಸುಮಾರು 270 ಪಟ್ಟು ಭೂಮಿಯನ್ನು ಕಾಯಿಸುತ್ತದೆ. ಯೂರಿಯಾಕ್ಕೆ 2015ರಿಂದ ಕಡ್ಡಾಯವಾದ ಬೇವಿನ ಎಣ್ಣೆಯ ಲೇಪ ಈ ನಷ್ಟವನ್ನು ತಗ್ಗಿಸುತ್ತದೆ, ಅದೊಂದೇ ಸಾಲದು.

ನೀವೂ ಒಂದು ಎಕರೆಗೆ ಗುರಿ ಇಟ್ಟುಕೊಳ್ಳಿರಿ. ಮಣ್ಣು ಪರೀಕ್ಷೆಯ ಚೀಟಿ ನೋಡಿ ಗೊಬ್ಬರ ಗೊತ್ತುಮಾಡಿರಿ. ಕಂತುಗಳಲ್ಲಿ ಕೊಟ್ಟು ಮಣ್ಣು ಮುಚ್ಚಿರಿ. ರವದಿ ಸುಡಬೇಡಿರಿ. ಗೊಬ್ಬರ ಹಾಕಿದ ದಿನ, ಹಾಕಿದ ಕಿಲೋ, ಸಕ್ಕರೆ ಕಾರಖಾನೆಯ ತೂಕದ ಚೀಟಿಯಲ್ಲಿನ ಟನ್ನು, ಇಷ್ಟೇ ವಹಿಯಲ್ಲಿ ಬರೆಯಿರಿ. ಶಾಲೆಗೆ ಹೋಗುವ ಮಕ್ಕಳು ಬರೆದರೂ ನಡೆದೀತು. ಬೀಳಗಿ, ರಬಕವಿ-ಬನಹಟ್ಟಿ ಕಡೆಯವರಲ್ಲಿ ಚೀಟಿ ಇಲ್ಲದವರು ಕಬ್ಬು ಕಡಿದ ಮೇಲೆ, ಗೊಬ್ಬರ ಹಾಕುವ ಮುಂಚೆ, ರೈತ ಸಂಪರ್ಕ ಕೇಂದ್ರಕ್ಕೆ ಮಣ್ಣು ಒಯ್ಯಿರಿ.