ರಾಗಿ ಹೊಲದ ಕೊಳಕುಮಂಡಲ



ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರೆಲ್ಲ ಅಲ್ಲಿನ ನಾಗರಕಲ್ಲುಗಳನ್ನು ನೋಡಿದ್ದೀರಿ. ಸಂತಾನ ಬೇಡಿದವರು ಪ್ರತಿಷ್ಠೆ ಮಾಡಿದ ಕಲ್ಲುಗಳವು. ಶಿಲೆಯ ಹಾವಿಗೊಂದು ನ್ಯಾಯ, ಹರಿದಾಡುವ ಹಾವಿಗೊಂದು ನ್ಯಾಯ ಮಾಡುವವರನ್ನು ಬಸವಣ್ಣನವರು ಅಂದೇ ಪ್ರಶ್ನಿಸಿದ್ದಾರೆ. ಆ ವಚನ ನಿಮಗೆ ಬಾಯಿಪಾಠ. ಇರಲಿ, ನಾಗರಹಾವಿಗೆ ಕಲ್ಲಿನಲ್ಲಾದರೂ ಪೂಜೆಯುಂಟು. ನಿಮ್ಮ ರಾಗಿ ಹೊಲದಲ್ಲೇ ಸಂಸಾರ ಹೂಡಿರುವ ಕೊಳಕುಮಂಡಲಕ್ಕೆ ಕಲ್ಲೂ ಇಲ್ಲ, ಅದರ ಗುರುತು ಬಲ್ಲವರೂ ಕಡಿಮೆ.

ದಪ್ಪ ಮೈ, ಮುಮ್ಮೂಲೆಯ ತಲೆ, ಕಂದು ಬೆನ್ನಿನ ಮೇಲೆ ಸರಪಳಿಯ ಹಾಗೆ ಮೂರು ಸಾಲು ಮಚ್ಚೆ. ಹೆಬ್ಬಾವಿನ ಮರಿಯೆಂದು ಮುಟ್ಟಲು ಹೋದವರುಂಟು! ಹೆಬ್ಬಾವಿನ ಮಚ್ಚೆ ಅಂಕುಡೊಂಕು, ಇಂಥ ಸಾಲು ಅದಕ್ಕಿಲ್ಲ. ಇದು ಓಡುವ ಹಾವಲ್ಲ. ಒಣ ಹುಲ್ಲಿನಲ್ಲಿ ಮೈ ಬಣ್ಣ ನಂಬಿ ಸುಮ್ಮನೆ ಬಿದ್ದಿರುತ್ತದೆ. ಕೆಣಕಿದರೆ ಕುಲುಮೆಯ ತಿದಿಯಂತೆ ಬುಸುಗುಟ್ಟುತ್ತದೆ. ಅದು ಬೈಗುಳವಲ್ಲ, ಎಚ್ಚರಿಕೆ. ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ, ಒಂದೊಂದು ಸಲಕ್ಕೆ 20, 40. ಗೇಣುದ್ದದ ಮರಿಗೂ ಹುಟ್ಟಿದಂದಿನಿಂದಲೇ ವಿಷವುಂಟು. ನಿಮ್ಮ ಮೇಲಿನ ಹಗೆಗೆ ಅದು ಬರುವುದಿಲ್ಲ. ರಾಗಿಗೆ ಇಲಿ ಬರುತ್ತದೆ, ಇಲಿಗೆ ಇದು ಬರುತ್ತದೆ. ಕೊಯ್ಲಿನ ಕಾಲದಲ್ಲಿ ತೆನೆಯ ಬುಡಕ್ಕೆ ಕೈ ಹಾಕುವ ಮುನ್ನ ಕೋಲಿನಿಂದ ತಟ್ಟಿರಿ. ರಾತ್ರಿ ಬ್ಯಾಟರಿಯಿಲ್ಲದೆ ಕಣಕ್ಕೆ ಹೋಗಬೇಡಿರಿ.

ಇದರ ವಿಷ ರಕ್ತಕ್ಕೆ ಶತ್ರು. ರಕ್ತ ಹೆಪ್ಪುಗಟ್ಟುವ ಗುಣ ಕೆಡುತ್ತದೆ, ಮೂತ್ರಪಿಂಡ ಸೋಲುತ್ತದೆ. ಕಚ್ಚಿಸಿಕೊಂಡವನು ಕೆಲವು ಗಂಟೆ ಮಾತನಾಡಿಕೊಂಡೇ ಇರಬಹುದು. ಆ ಹೊತ್ತಿನಲ್ಲೇ ಮಂತ್ರವಾದಿಯ ಮನೆ ನೆನಪಾಗುತ್ತದೆ. ಅವನ ಕೀರ್ತಿಯ ಗುಟ್ಟೇನು? ಹೆಚ್ಚಿನ ಹಾವುಗಳಿಗೆ ಕೊಲ್ಲುವ ವಿಷವಿಲ್ಲ. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಹಾಗೆ ಬದುಕಿದವರೆಲ್ಲ ಅವನ ಲೆಕ್ಕಕ್ಕೆ ಸೇರುತ್ತಾರೆ. ಸತ್ತವರು ಮಾತ್ರ ವಿಧಿಯ ಲೆಕ್ಕಕ್ಕೆ! ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷವೆಂದು ಅಂದಾಜು. ಬಹುಪಾಲು ಹಳ್ಳಿಯವರು.

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ಕುದುರೆಯ ರಕ್ತದಿಂದ ತಯಾರಿಸಿದ ಔಷಧಿ ಒಂದೇ. ಹಾವನ್ನು ಕೊಂದು ತರಬೇಕಾಗಿಲ್ಲ. ಗಾಯ ಕುಯ್ಯಬೇಡಿರಿ, ಹಗ್ಗ ಬಿಗಿಯಬೇಡಿರಿ. ಕೊಳಕುಮಂಡಲ ಕಚ್ಚಿದ ಕಾಲಿಗೆ ಬಿಗಿದ ಹಗ್ಗ ಕಾಲನ್ನೇ ಕಳೆಯಬಲ್ಲದು. ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯಿರಿ. ಪಂಚಾಕ್ಷರಿ ಬೇಡವೆಂದು ನಾವು ಹೇಳುವುದಿಲ್ಲ. ದಾರಿಯುದ್ದಕ್ಕೂ ಜಪಿಸಿರಿ, ಬಂಡಿ ಮಾತ್ರ ನಿಲ್ಲಿಸಬೇಡಿರಿ. ಅಲ್ಲಿ ವೈದ್ಯರು ರಕ್ತವನ್ನು ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಔಷಧಿ ಏರಿಸುತ್ತಾರೆ.