ತಲೆನೋವೂ ನರದ ಗಡ್ಡೆಯೂ



ತಲೆನೋವೆಂದರೆ ಹಣೆಗೆ ಶುಂಠಿಯ ಪಟ್ಟು ಹಾಕಿ ಸುಮ್ಮನಾಗುವವರು ನಾವು. ಬಹುಪಾಲು ತಲೆನೋವು ತಾನಾಗಿಯೇ ಇಳಿಯುತ್ತದೆ; ಗಡ್ಡೆಯಿಂದ ಬರುವುದು ಅಪರೂಪ.

ಮಿದುಳಿನಿಂದ ಹೊರಡುವ 12 ಜೊತೆ ನರಗಳಲ್ಲಿ ಎಂಟನೆಯದು ಶ್ರವಣಕ್ಕೂ ಸಮತೋಲಕ್ಕೂ ಸೇರಿದ್ದು. ಅದರ ಹೊದಿಕೆಯಲ್ಲಿ ಹುಟ್ಟುವ ಗಡ್ಡೆ ಸಾಮಾನ್ಯವಾಗಿ ಕ್ಯಾನ್ಸರಲ್ಲ; ಬೆಳೆಯುವುದೂ ಮೆಲ್ಲಗೆ. ಮೊದಲು ಒಂದು ಕಿವಿ ಮಂದವಾಗುತ್ತದೆ, ಮೊರೆಯುತ್ತದೆ, ನಡಿಗೆ ತೂರಾಡುತ್ತದೆ. ತಲೆನೋವು ಬರುವುದು ಹೆಚ್ಚಾಗಿ ಆಮೇಲೆ, ಗಡ್ಡೆ ದೊಡ್ಡದಾಗಿ ಮಿದುಳನ್ನು ಒತ್ತಿದಾಗ. ಆದಕಾರಣ ನೋವಿಗಾಗಿ ಕಾಯದೆ ಕಿವಿಯ ದೂರನ್ನು ಮೊದಲೇ ಕೇಳಬೇಕು.

ಎಂ.ಆರ್.ಐ. ಪರೀಕ್ಷೆ ಗಡ್ಡೆಯನ್ನು ತೋರಿಸುತ್ತದೆ. ಚಿಕ್ಕದಾದರೆ ಕಾದು ನೋಡುವುದುಂಟು, ವಿಕಿರಣವುಂಟು, ದೊಡ್ಡದಾದರೆ ಶಸ್ತ್ರಚಿಕಿತ್ಸೆ. ಮುಖವನ್ನಾಡಿಸುವ ಏಳನೆಯ ನರ ಪಕ್ಕದಲ್ಲೇ ಇರುವುದರಿಂದ ಅದನ್ನು ಉಳಿಸುವುದೇ ವೈದ್ಯರ ಕುಶಲತೆ. ಗಡ್ಡೆ ತೆಗೆದ ಮೇಲೂ ಕೆಲವರಿಗೆ ತಲೆನೋವು ಉಳಿಯುವುದುಂಟು. ಅದನ್ನೂ ವೈದ್ಯರಿಗೆ ಹೇಳಬೇಕು.

“ಊರಿಗೆ ಹೋದಾಗ ನಿಮ್ಹಾನ್ಸಿನಲ್ಲಿ ತೋರಿಸೋಣ” ಎಂದು ನಾವು ಮುಂದೂಡುತ್ತೇವೆ. 2018ರಲ್ಲಿ ಆರಂಭವಾದ ಏಮ್ಸ್ ಇಂದು ಮಿಹಾನಿನಲ್ಲೇ ಇದೆ. ಮರಾಠಿ, ಹಿಂದಿಯಲ್ಲಿ ನೋವು ಹೇಳಲು ಬಾರದ ಹಿರಿಯರ ಜೊತೆಗೆ ನಮ್ಮಲ್ಲೊಬ್ಬರು ಹೋಗೋಣ. ನಮ್ಮ ಸಂಘ ಇರುವುದು ಇಂಥ ಹೊತ್ತಿಗೇ.