ಹಿತ್ತಲಿನ ಕರಿಯ ಚಿಟ್ಟೆಗಳು
(ಅಲ್ಫರೆಟಾದಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಬೇಸಿಗೆಯಲ್ಲಿ ನಿಮ್ಮ ಹಿತ್ತಲುಗಳಿಗೆ ಬರುವ ದೊಡ್ಡ ಕರಿಯ ಚಿಟ್ಟೆಗಳನ್ನು ತಾವೆಲ್ಲರೂ ಕಂಡಿರುತ್ತೀರಿ. ಹಿಂದಿನ ರೆಕ್ಕೆಯಲ್ಲಿ ನೀಲಿಯ ಹೊಳಪು, ತುದಿಯಲ್ಲಿ ಪುಟ್ಟ ಬಾಲ. ಒಂದೇ ಜಾತಿಯವೆಂದು ತೋರುವ ಇವು ವಾಸ್ತವವಾಗಿ ನಾಲ್ಕು ಪ್ರಭೇದಗಳು: ಪೈಪ್‌ವೈನ್, ಸ್ಪೈಸ್‌ಬುಷ್, ಬ್ಲ್ಯಾಕ್ ಮತ್ತು ಟೈಗರ್ ಸ್ವಾಲೋಟೇಲ್. ಕಡೆಯದು 1988ರಿಂದ ಜಾರ್ಜಿಯದ ರಾಜ್ಯ ಚಿಟ್ಟೆ. ಅದರ ಗಂಡು ಸದಾ ಹಳದಿ. ಹೆಣ್ಣುಗಳಲ್ಲಿ ಕೆಲವು ಮಾತ್ರ ಕಪ್ಪು ವೇಷ ತೊಡುತ್ತವೆ.

ಈ ವೇಷವೇಕೆ? ಪೈಪ್‌ವೈನ್ ಚಿಟ್ಟೆಯ ಮರಿಹುಳು ಅರಿಸ್ಟೊಲೋಕಿಯ ಬಳ್ಳಿಯನ್ನುಂಡು ಅದರ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಜೇನ್ ಬ್ರೋವರ್ ಎಂಬ ವಿಜ್ಞಾನಿ 1958ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಈ ಚಿಟ್ಟೆಯ ಅರುಚಿಯನ್ನು ಅರಿತ ಫ್ಲಾರಿಡಾದ ಸ್ಕ್ರಬ್ ಜೇ ಹಕ್ಕಿಗಳು, ಅದನ್ನು ಹೋಲುವ ಉಳಿದ ಮೂರನ್ನೂ ಬಹುಮಟ್ಟಿಗೆ ಬಿಟ್ಟುಬಿಟ್ಟವು.

ಕರ್ನಾಟಕದಲ್ಲಿಯೂ ಇದೇ ಆಟ ನಡೆದಿದೆ. ನಮ್ಮ ಈಶ್ವರಿ ಬಳ್ಳಿ ಅರಿಸ್ಟೊಲೋಕಿಯ ಕುಲದ್ದೇ. ಅದನ್ನುಂಡು ಬೆಳೆದ ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳ ಒಡಲು ಕೆಂಪು. ಕರಿಬೇವು, ನಿಂಬೆಗಳ ಮೇಲೆ ಬೆಳೆಯುವ ಕಾಮನ್ ಮಾರ್ಮನ್ ಹೆಣ್ಣು ಅವುಗಳ ರೆಕ್ಕೆಯನ್ನು ಅನುಕರಿಸಬಲ್ಲದು, ಒಡಲಿನ ಕೆಂಪನ್ನಲ್ಲ. (ಪ್ರಾಸಂಗಿಕವಾಗಿ ಒಂದು ಮಾತು: ಈ ಬಳ್ಳಿಯ ವಿಷ ಮನುಷ್ಯರ ಮೂತ್ರಪಿಂಡಗಳಿಗೂ ಮಾರಕ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2001ರಲ್ಲಿಯೇ ಎಚ್ಚರಿಸಿದೆ. ಊರಿನಿಂದ ತಂದ ನಾಟಿ ಔಷಧಿಯಲ್ಲಿ ಈಶ್ವರಿ ಬೇರು ಇದ್ದರೆ ಸೇವಿಸಬೇಡಿರಿ.)

ಹಾಗಾದರೆ ಇಲ್ಲಿಯ ನಾಲ್ಕನ್ನು ಗುರುತಿಸುವುದು ಹೇಗೆ? ರೆಕ್ಕೆಯ ಮೇಲ್ಮೈಯನ್ನು ನಂಬಬಾರದು. ಚಿಟ್ಟೆ ರೆಕ್ಕೆ ಮಡಿಸಿ ಕುಳಿತಾಗ ಹಿಂದಿನ ರೆಕ್ಕೆಯ ಕೆಳಮೈಯನ್ನು ನೋಡಬೇಕು. ಹೊಳೆಯುವ ನೀಲಿಯ ನಡುವೆ ದಪ್ಪ ಕಿತ್ತಳೆ ಬೊಟ್ಟುಗಳ ಒಂದೇ ಸಾಲು ಬಿಲ್ಲಿನಂತೆ ಬಾಗಿದ್ದರೆ ಅದು ಪೈಪ್‌ವೈನ್. ಸಾಲು ಎರಡಿದ್ದರೆ ಒಳಸಾಲನ್ನು ಗಮನಿಸಿರಿ. ಅಲ್ಲಿ ಒಂದು ಬೊಟ್ಟು ಮಾಯವಾಗಿ, ಆ ಜಾಗದಲ್ಲಿ ಧೂಮಕೇತುವಿನಂಥ ನೀಲಿ ಎಳೆಯಿದ್ದರೆ ಸ್ಪೈಸ್‌ಬುಷ್. ಒಳಸಾಲು ತುಂಬಿದ್ದು, ಒಡಲಿನುದ್ದಕ್ಕೂ ಹಳದಿ ಚುಕ್ಕಿಗಳಿದ್ದರೆ ಬ್ಲ್ಯಾಕ್. ಅದರ ರೆಕ್ಕೆಯ ಮೂಲೆಯ ಕಿತ್ತಳೆ ಕಣ್ಣಿನ ನಡುವೆ ಕರಿಯ ಪಾಪೆಯೂ ಉಂಟು. ಕಪ್ಪು ಟೈಗರ್ ಹೆಣ್ಣಿಗೆ ಒಳಸಾಲೇ ಇಲ್ಲ. ಬಿಸಿಲು ಹಾಯ್ದಾಗ ಹುಲಿಪಟ್ಟೆಗಳ ನೆರಳು ಮೂಡುತ್ತದೆ. ಹುಟ್ಟಾ ಬಾಲವಿಲ್ಲದ್ದು ರೆಡ್ ಸ್ಪಾಟೆಡ್ ಪರ್ಪಲ್, ಈ ಬಳಗದ್ದೇ ಅಲ್ಲ.

ಬ್ಲ್ಯಾಕ್ ಸ್ವಾಲೋಟೇಲನ್ನು ಗುರುತಿಸಲು ಕನ್ನಡಿಗರಿಗೆ ಮತ್ತೊಂದು ದಾರಿಯಿದೆ: ಸಬ್ಬಸಿಗೆ ಸೊಪ್ಪು. ಅದರ ಮೇಲೆ ಕಾಣುವ, ಹಸಿರು ಮೈಯಲ್ಲಿ ಕರಿಯ ಪಟ್ಟೆ, ಪಟ್ಟೆಯಲ್ಲಿ ಹಳದಿ ಚುಕ್ಕಿಯುಳ್ಳ ಹುಳು ಇದರ ಮರಿ. ಔಷಧ ಸಿಂಪಡಿಸಿದರೆ ಸೊಪ್ಪೂ ಕೆಟ್ಟಿತು, ಚಿಟ್ಟೆಯೂ ಹೋಯಿತು. ಮಡಿಯ ಮೂಲೆಯಲ್ಲಿ ನಾಲ್ಕು ಗಿಡಗಳನ್ನು ಅದಕ್ಕೆಂದೇ ಬಿಟ್ಟು, ಉಳಿದ ಗಿಡಗಳ ಹುಳುಗಳನ್ನು ಮೆಲ್ಲನೆ ಅಲ್ಲಿಗೆ ಸಾಗಿಸಿರಿ. ಮುಟ್ಟಿದೊಡನೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲುಕೊಂಬು ಹೊರಚಾಚಿ ದುರ್ಗಂಧ ಬೀರುತ್ತದೆ. ಮಕ್ಕಳು ಹೆದರಬೇಕಿಲ್ಲ, ಅದು ಕಚ್ಚುವುದಿಲ್ಲ.